ಬೋರಲು ಹಾಕಿದ ಒರಳು

"ಅದನ್ನ ಎಬ್ಬಸಬ್ಯಾಡ್ರಿ ಅಕ್ಕಾರ," ಎಂದಳು ಗಂಗಾಬಾಯಿ. "ನಮ್ಮ ನೆಗೆಣ್ಣಿ, ಮೈದುನನ ಹೇಂತಿ, ಜ್ವರದಾಗ ನೀರು ಬೇಡಿದ್ರ ಯಾರೂ ಕೊಡಲಿಲ್ಲ. ಈ ಒರಳಾಗ ಖಾರ ಕುಟಗೋತ, ಕೊಡಲಾರದವರ ಗಂಟಲಾ ಕಟ್ಲಿ ಅಂದು ಜೀವಾ ಬಿಟ್ಟಳು. ಮೂರು ದಿನದಾಗ ನಮ್ಮತ್ತಿ ಉಸಿರು ಕಟ್ಟಿ ಹ್ವಾದಳು. ಮಂತ್ರಾ ಹಾಕಿಸಿ ಬೋರಲು ಹಾಕೇವಿ. ಈ ಮಣ್ಣಿಗೆ ಬಾಯಿ ಹಚ್ಚಿದ್ದಕ್ಕ ಸುಮ್ಮ ಅದಾಳ."

ಮಾದನಹಿಪ್ಪರಗಾದ ಆ ಹಿತ್ತಿಲಲ್ಲಿ ಮೈತ್ರೇಯಿ ಕರಿಕಲ್ಲಿನ ಒರಳನ್ನು ಸುತ್ತಿ ಸುತ್ತಿ ನೋಡಿದಳು. ಸೊಂಟದೆತ್ತರ, ಮೇಲೆ ಮಣೆಯಂತೆ ಸಮತಟ್ಟು. ತಾನು ಮಾಡಿಸಿದ್ದ ಎದೆಮಟ್ಟದ ಮೂರ್ತಿಗೆ ಮರದ ಪೀಠ, ಗಾಜಿನ ಪೀಠ ಯಾವುದೂ ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ಮೂರ್ತಿಯ ಕಣ್ಣು ನೋಡುವವರ ಕಣ್ಣಿಗೆ ಸಮನಾಗಿರಬೇಕು ಎಂದಿದ್ದ ಶಿಲ್ಪಿ. ಟೇಪು ಹಿಡಿದು ತನ್ನ ಎತ್ತರಕ್ಕೇ ಅಳೆದಳು. ಸರಿಯಾಗಿತ್ತು.

"ಹಂಗಾರ ಖಾರಪುಡಿ ಪುಕ್ಕಟ ಆತು ಬಿಡು ಆಯಿ," ಎಂದು ನಕ್ಕಳು.

ಗಂಗಾಬಾಯಿ ನಗಲಿಲ್ಲ. ಕಲ್ಲು ತೊಲಗಿದರೆ ಸಾಕೆಂದಿದ್ದ ಅವಳ ಗಂಡ ಚಂದ್ರಾಮ ಅಷ್ಟರಲ್ಲಿ ಟೆಂಪೋ ಕರೆಸಿಬಿಟ್ಟಿದ್ದ.

ಜೇವರ್ಗಿಯಲ್ಲಿ ಮೈತ್ರೇಯಿಯ ಗಂಡ ವ್ಯಂಕಟೇಶನ ದವಾಖಾನೆ. ಅವನ ಮೊದಲ ಹೆಂಡತಿ ಮಂಜರಿಯ ಕಂಚಿನ ಮೂರ್ತಿಯನ್ನು ಅದರ ಪಡಸಾಲೆಯಲ್ಲಿ ಇಡಿಸುವ ಯೋಚನೆ ಇವಳದೇ. ಎಂಥ ದೊಡ್ಡ ಮನಸ್ಸು ಎಂದಿದ್ದರು ಜನ. ಆ ಮಾತಿಗಾಗಿ ಅವಳು ಎರಡು ವರ್ಷ ಹಸಿದಿದ್ದಳು. ಮಂಜರಿಗೆ ಕೊನೆಯ ಉಬ್ಬಸ ಬಂದಾಗ ಹತ್ತಿರವಿದ್ದವಳು ಆಗ ಬರೀ ಗೆಳತಿಯಾಗಿದ್ದ ಮೈತ್ರೇಯಿಯೊಬ್ಬಳೇ. ಉಸಿರಿನ ಪಂಪು ಸಿಗಲೇ ಇಲ್ಲ ಎಂದು ಅವಳು ಅತ್ತಿದ್ದಳು. ಎಲ್ಲರೂ ನಂಬಿದ್ದರು.

ಅನಾವರಣದ ದಿನ ಬೆಳಗಿನ ಹತ್ತಕ್ಕೆ, ಪಡಸಾಲೆಯ ಹಾಸುಗಲ್ಲಿನ ಮೇಲೆ ಬೋರಲು ಕೂತ ಒರಳಿನ ಮೇಲಿಂದ ಪರದೆ ಸರಿಯಿತು. ಮಂಜರಿಯ ಕಣ್ಣು ಬಂದು ಮೈತ್ರೇಯಿಯ ಕಣ್ಣಿಗೆ ನಿಂತಿತು.

ಚಪ್ಪಾಳೆಯ ಅಡಿಯಲ್ಲೆಲ್ಲೋ ಧಪ್, ಧಪ್. ಒನಕೆಯ ಪೆಟ್ಟು. ಕಲ್ಲಿನ ಒಳಗಿಂದ.

ಮೆಣಸಿನಕಾಯಿಯ ಘಾಟು ಮೂಗಿಗೇರಿತು. ಸುತ್ತಲಿದ್ದ ಯಾರೂ ಕೆಮ್ಮಲಿಲ್ಲ. ಅವಳ ಗಂಟಲು ಬಿಗಿಯಿತು. ಬಾಯಿ ತೆರೆದಳು. ಗಾಳಿ ಒಳಗೆ ಬರಲಿಲ್ಲ. ಮೊಣಕಾಲು ಕುಸಿಯಿತು. ಅವಳು ಕುಸಿದಷ್ಟೂ ಕಂಚಿನ ಕಣ್ಣು ಕೆಳಗಿಳಿಯಿತು. ಸಮ. ಇನ್ನೂ ಸಮ.

ವ್ಯಂಕಟೇಶ ಓಡಿಬಂದ. ಅವಳ ಕುತ್ತಿಗೆಗೆ ಕೈಯಾನಿಸಿ ದವಾಖಾನೆಯ ಪಂಪನ್ನು ಬಾಯಿಗಿಟ್ಟು ಒತ್ತಿದ. ಮತ್ತೆ ಒತ್ತಿದ. ಏನೂ ಇಲ್ಲ. ಧಪ್. ಧಪ್. ಆಮೇಲೆ ಒನಕೆ ಎತ್ತಿದಲ್ಲೇ ನಿಂತಿತು, ಉತ್ತರಕ್ಕೆ ಕಾಯುವಂತೆ.

ಉಳಿದಿದ್ದ ಚೂರು ಉಸಿರಲ್ಲಿ ಮೈತ್ರೇಯಿ ಹೇಳಿದಳು.

"ಪಂಪು ನನ್ನ ಮುಷ್ಟಿಯೊಳಗ ಇತ್ತು. ಬೇಡಿದಳು. ನಾ ಕೊಡಲಿಲ್ಲ."

ಗಂಟಲು ಬಿಚ್ಚಿಕೊಂಡಿತು. ಗಾಳಿ ನುಗ್ಗಿತು.

ವ್ಯಂಕಟೇಶನ ಕೈ ಅವಳ ಕುತ್ತಿಗೆಯಿಂದ ಮೆಲ್ಲಗೆ ಸರಿಯಿತು. ಅವಳು ಬೋರಲು ಬಿದ್ದಳು. ನೆಲಕ್ಕೆ ಬಾಯಿ ಹಚ್ಚಿ, ಉಸಿರನ್ನು ಎಳೆದೆಳೆದು ಕುಡಿದಳು. ಎಬ್ಬಿಸಲು ಯಾರೂ ಬಗ್ಗಲಿಲ್ಲ.