ಅಜ್ಜಿಯ ಸರದಿ

"ಟೆಲಿಸ್ಕೋಪ್ ಮುಟ್ಟಬೇಡ ಪುಟ್ಟಿ! ಕಣ್ಣು ಮಾತ್ರ ಹತ್ತಿರ ತಗೊಂಡು ಹೋಗು," ಎಂದರು ಗೈಡ್ ಅಂಕಲ್.

ಚಿನಕುರುಳಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಬಿಟ್ಟರೆ ಬೇರೆಲ್ಲೂ ಕೇಳಿಬರುತ್ತಿರಲಿಲ್ಲ.

ಬೆಟ್ಟದ ತುದಿಯ ಹಳೇ ವೀಕ್ಷಣಾಲಯ ಅದು. ಗುಮ್ಮಟದ ಬಾಗಿಲು ತೆರೆದಿತ್ತು. ಸಂಜೆಯ ಬೆಳಕಿನಲ್ಲೇ ಅರ್ಧ ಚಂದ್ರ ಕಾಣುತ್ತಿದ್ದ. ಒಳಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ. ಹೀಟರ್ ಹಾಕುವಂತಿಲ್ಲ, ಬಿಸಿಗಾಳಿಗೆ ಚಂದ್ರ ನಡುಗಿದ ಹಾಗೆ ಕಾಣುತ್ತಾನಂತೆ.

ಗೈಡ್ ಅಂಕಲ್ ಟೆಲಿಸ್ಕೋಪ್ ಸರಿಮಾಡುವಾಗ ಮಫ್ಲರನ್ನು ಮೂಗಿನ ತನಕ ಎಳೆದುಕೊಂಡಿದ್ದರು. "ಥೇಟ್ ಕಳ್ಳನ ಥರ ಇದಾರೆ," ಎಂದು ಅವಳು ಅಜ್ಜಿಯ ಕಿವಿಯಲ್ಲಿ ಹೇಳಿ ಕಿಸಕ್ಕೆಂದಿದ್ದಳು.

ನಿಜಕ್ಕೂ ಮೊದಲ ಸರದಿ ಅಜ್ಜಿಯದು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ, "ಹೊಸ ಕಣ್ಣಿಗೆ ಚಂದ್ರನ್ನ ತೋರಿಸ್ಬೇಕು," ಎಂದು ಹಟ ಹಿಡಿದು ಬಂದವರೇ ಅವರು. ಆದರೆ "ನಾನು ಫಸ್ಟ್, ಪ್ಲೀಸ್ ಅಜ್ಜಿ!" ಎಂದು ಚಿನಕುರುಳಿ ನುಗ್ಗಿದ್ದಳು.

ಅವಳು ಬಗ್ಗಿದಳು. ಚಂದ್ರ! ಮೈತುಂಬ ಗುಂಡಿಗಳು!

"ಅಬ್ಬಾಆಆ!"

ಅಷ್ಟೇ. ಚಂದ್ರ ಮಾಯ. ಬರೀ ಬಿಳಿ.

ಚಿನಕುರುಳಿ ಥಟ್ಟನೆ ಕಣ್ಣು ಹಿಂದಕ್ಕೆ ತೆಗೆದಳು. ಅಜ್ಜಿಯ ಅಜ್ಜಿಗಿಂತ ಹಳೆಯ ಟೆಲಿಸ್ಕೋಪ್ ಕೆಟ್ಟೇಹೋಯಿತು! ಗೈಡ್ ಅಂಕಲ್ ಆ ಕಡೆ ಯಾರಿಗೋ ಏನೋ ವಿವರಿಸುತ್ತಿದ್ದರು. ಅವಳು ಬೆಕ್ಕಿನ ಹಾಗೆ ಪಕ್ಕಕ್ಕೆ ಸರಿದಳು.

ಅಜ್ಜಿ ಬಗ್ಗಿ ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಎಲ್ಲಾ ಮಂಜು ಮಂಜು," ಎಂದರು ಮೆಲ್ಲಗೆ. "ಇರ್ಲಿ ಬಿಡು. ಆಪರೇಷನ್ ಮಾಡಿಸಿದ್ರೂ ಈ ಕಣ್ಣಿನ ಹಣೆಬರಹ ಇಷ್ಟೇ."

ಅಜ್ಜಿ ನಕ್ಕರು. ಆ ನಗು ನೋಡಿ ಚಿನಕುರುಳಿಗೆ ಅಳು ಬಂತು.

"ನಿನ್ನ ಕಣ್ಣು ಚೆನ್ನಾಗೇ ಇದೆ ಅಜ್ಜಿ! ನಾನೇ ಟೆಲಿಸ್ಕೋಪ್ ಕೆಡಿಸ್ಬಿಟ್ಟೆ!"

ಗುಮ್ಮಟವೆಲ್ಲ "ಬಿಟ್ಟೆ, ಬಿಟ್ಟೆ" ಎಂದಿತು. ಎಲ್ಲರೂ ತಿರುಗಿ ನೋಡಿದರು.

ಗೈಡ್ ಅಂಕಲ್ ಬಂದು ನೋಡಿ ನಕ್ಕುಬಿಟ್ಟರು. "ಕೆಟ್ಟಿಲ್ಲ ಕಣಮ್ಮ. ಈ ಚಳೀಲಿ ಬಿಸಿ ಉಸಿರು ತಾಗಿದ್ರೆ ಗಾಜು ಮಂಜಾಗುತ್ತೆ. ಮತ್ತೆ ನಾನು ಸುಮ್ನೆ ಕಳ್ಳನ ವೇಷ ಹಾಕ್ತೀನಾ?"

ಅಯ್ಯೋ, ಕೇಳಿಸಿಬಿಟ್ಟಿತ್ತು! ಚಿನಕುರುಳಿ ನಾಲಿಗೆ ಕಚ್ಚಿಕೊಂಡಳು.

ಅವರು ರಬ್ಬರ್ ಚೆಂಡಿನಂಥದ್ದೊಂದನ್ನು ಅದುಮಿ ಪುಸ್ ಪುಸ್ ಎಂದು ಗಾಜಿಗೆ ಗಾಳಿ ಬಿಟ್ಟರು. ಅಜ್ಜಿ ಶಾಲನ್ನು ಮೂಗಿನ ತನಕ ಎಳೆದುಕೊಂಡು ಬಗ್ಗಿದರು.

"ಅಯ್ಯಯ್ಯೋ, ಏನು ಗುಂಡಿಗಳು! ನಮ್ಮ ಬೀದಿಗಿಂತ ಕಡೆ! ಆ ಅಂಚಲ್ಲಿರೋ ಪುಟಾಣಿದೂ ಕಾಣ್ತಿದೆ ಕಣೇ!"

ಆ ಪುಟಾಣಿ ಗುಂಡಿ ಚಿನಕುರುಳಿಗೆ ಕಂಡಿರಲಿಲ್ಲ.

"ಇನ್ನೊಂದ್ಸಲ ನೋಡ್ತೀಯಾ?" ಎಂದು ಗೈಡ್ ಅಂಕಲ್ ಕೇಳಿದರು.

ಅವಳು ತಲೆಯಾಡಿಸಿದಳು. "ಈಗ ಬೇಡ. ಅಜ್ಜಿ ನೋಡ್ಲಿ."

ಅಜ್ಜಿ ನೋಡುತ್ತಲೇ ಇದ್ದರು. ಚಿನಕುರುಳಿ ಟೆಲಿಸ್ಕೋಪಿನಿಂದ ದೂರದಲ್ಲೇ ನಿಂತಿದ್ದಳು. ಆದರೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದಿದ್ದಳು.