ಆರ್ಡೆನ್ ತಾತನ ಕೌದಿಗೆ ಕಾಲಿಂಚು ಕಮ್ಮಿ

"ಅಜ್ಜೀ, ಬೇಗ ಬಾ! ಎಲ್ಲಾ ಮುಗೀತು! ನೋಡಿದ್ರೆ ನೀನು ಬಿದ್ದೇ ಹೋಗ್ತೀಯ!"

ಹ್ಯಾಟಿ ಬಾಗಿಲಲ್ಲೇ ಕುಣಿಯುತ್ತಿದ್ದಳು. ಅಜ್ಜಿ ಆಗಷ್ಟೇ ಚರ್ಚಿನಿಂದ ಬಂದಿದ್ದರು. ಶನಿವಾರ ಬೆಳಿಗ್ಗೆ ಊರಿನ ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಕೌದಿ ಹೊಲಿಯುತ್ತಾರೆ. ಹೊಲಿಗೆ ಅರ್ಧ, ಮಾತು ಅರ್ಧ. ಅಜ್ಜಿಯ ಒಂದು ಕೈಯಲ್ಲಿ ದಾರದ ಚೀಲ, ಇನ್ನೊಂದರಲ್ಲಿ ಮಿಕ್ಕಿದ ಕೊಲಾಚೆ ಬನ್ನುಗಳ ತಟ್ಟೆ.

"ಶೂ ಬಿಚ್ಚೋಕಾದ್ರೂ ಬಿಡೇ ಮಾರಾಯ್ತಿ!"

ಬಿಟ್ಟರೆ ತಾನೆ? ಹ್ಯಾಟಿ ಅಜ್ಜಿಯನ್ನು ದರದರ ಎಳೆದುಕೊಂಡೇ ಹೋಗಿ ಊಟದ ಮೇಜಿನ ಮುಂದೆ ನಿಲ್ಲಿಸಿದಳು.

ಮೇಜಿನ ಮೇಲೆ ಕಡುನೀಲಿ ಬಟ್ಟೆಯ ತುಂಡುಗಳು. ಅವುಗಳ ನಡುವೆ ನಾಲ್ಕು ದುಂಡನೆಯ ಚಕ್ರಗಳು. ಒಂದೊಂದು ಚಕ್ರಕ್ಕೂ ನಾಲ್ಕು ಕಾಲುಭಾಗ, ಒಂದೊಂದು ಕಾಲುಭಾಗವೂ ಒಬ್ಬೊಬ್ಬರ ಅಂಗಿ. ಒಂದರಲ್ಲಿ ಡೈನೋಸಾರ್, ಇನ್ನೊಂದರಲ್ಲಿ ಹಸಿರು ಟ್ರ್ಯಾಕ್ಟರ್, ಮತ್ತೊಂದರಲ್ಲಿ ಫುಟ್‌ಬಾಲ್ ಹೆಲ್ಮೆಟ್. ಹ್ಯಾಟಿಯ ಕ್ಲಾಸಿನ ಹದಿನಾರು ಮಕ್ಕಳೂ ತಮಗೆ ಇಷ್ಟವಾದ ಒಂದೊಂದು ಅಂಗಿ ಕೊಟ್ಟಿದ್ದರು.

ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದ ಆರ್ಡೆನ್ ತಾತ ಬರುವ ಶುಕ್ರವಾರ ರಿಟೈರ್ ಆಗುತ್ತಾರೆ. ಅವರಿಗೆ ಈ ಕೌದಿ. ಬಸ್ಸಿನ ಚಕ್ರದ ಡಿಸೈನ್ ಹ್ಯಾಟಿಯದೇ. ಅಜ್ಜಿಯ ಕಂಪ್ಯೂಟರಿನಲ್ಲಿ ಕೌದಿಯ ಸಾಫ್ಟ್‌ವೇರ್ ಇದೆ. ಅದರಲ್ಲಿ ಗೆರೆಯ ನಡುಮಧ್ಯ ಮೌಸಿನಿಂದ ಹಿಡಿದು ಎಳೆದರೆ ಸಾಕು, ಗೆರೆ ಬಿಲ್ಲಿನಂತೆ ಬಾಗುತ್ತದೆ. ಹ್ಯಾಟಿ ನಾಲ್ಕು ದಿನ ಅದನ್ನು ಎಳೆದೂ ಎಳೆದೂ ಚಕ್ರ ಮಾಡಿದ್ದಳು.

"ಹೆಂಗೆ? ನೀಲಿ ಬಟ್ಟೆಗೂ ಅಂಗಿಗೂ ನಡುವೆ ಒಂದು ಕೂದಲು ತೂರೋಷ್ಟೂ ಜಾಗ ಇಲ್ಲ! ಪಜಲ್ ಥರ ಕೂತಿದೆ!"

ಅಜ್ಜಿ ಬನ್ನಿನ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅವರ ಮುಖ ಸುಣ್ಣದಂತಾಯಿತು.

"ಹ್ಯಾಟಿ... ಒಂದೇ ಒಂದು ಕತ್ತರಿಸಿ, ಹೊಲಿದು ನೋಡು, ಆಮೇಲೆ ಉಳಿದದ್ದು ಅಂದಿದ್ದೆನಲ್ಲೇ?"

"ಒಂದು ಕತ್ತರಿಸಿ ಇಟ್ಟು ನೋಡ್ದೆ. ಕರೆಕ್ಟಾಗಿ ಹೊಂದ್ತು. ಅದಕ್ಕೇ ಎಲ್ಲಾ ಕತ್ತರಿಸ್ಬಿಟ್ಟೆ."

"ಹೊಂದಬಾರದು ಕಣೇ."

"ಅಂದ್ರೆ?"

ಅಜ್ಜಿ ಡೈನೋಸಾರ್ ತುಂಡನ್ನೂ ಅದರ ಪಕ್ಕದ ನೀಲಿ ತುಂಡನ್ನೂ ಎತ್ತಿಕೊಂಡರು. ಅಂಚಿಗೆ ಅಂಚು ಸೇರಿಸಿ, ಕಾಲಿಂಚು ಒಳಗೆ ಪಿನ್ನು ಚುಚ್ಚುತ್ತಾ ಹೋದರು. ನೀಲಿ ಬಟ್ಟೆ ಸುತ್ತಲೂ ನೆರಿಗೆ ನೆರಿಗೆಯಾಗಿ ಎದ್ದು ನಿಂತಿತು. ಎಷ್ಟು ಒತ್ತಿದರೂ ಚಪ್ಪಟೆಯಾಗಲಿಲ್ಲ.

"ಹೊಲಿಗೆ ಗಾಳಿಯಲ್ಲಿ ನಿಲ್ಲುತ್ತಾ? ಎರಡೂ ಕಡೆ ಕಾಲಿಂಚು ಬಟ್ಟೆ ಒಳಗೆ ಹೋಗಲೇಬೇಕು. ಆ ಕಾಲಿಂಚು ಸೇರಿಸಿ ಕತ್ತರಿಸಿದ್ರೆ, ಮೇಜಿನ ಮೇಲೆ ಇವೆರಡೂ ಒಂದಕ್ಕೊಂದು ಹೊಂದೋದೇ ಇಲ್ಲ. ಕಂಪ್ಯೂಟರು ಆ ಕಾಲಿಂಚನ್ನ ತಾನೇ ಸೇರಿಸುತ್ತಲ್ಲ, ಏನಾಯ್ತು ಅದಕ್ಕೆ?"

ಹ್ಯಾಟಿಗೆ ಆಗ ನೆನಪಾಯಿತು. ಪ್ರಿಂಟ್ ಕೊಡುವಾಗ ಒಂದು ಚಿಕ್ಕ ಚೌಕದಲ್ಲಿ ಟಿಕ್ ಇತ್ತು. 'ಹೊಲಿಗೆಗೆ ಅಂಚು ಸೇರಿಸು' ಎಂದು ಬರೆದಿತ್ತು. ಹಾಗೇ ಪ್ರಿಂಟ್ ತೆಗೆದರೆ ಕಾಗದದ ತುಂಡುಗಳು ಒಂದರ ಮೇಲೊಂದು ಹತ್ತಿ ಕೂತವು, ಹೊಂದಲೇ ಇಲ್ಲ. ಥತ್, ಕಂಪ್ಯೂಟರಿಗೆ ಬುದ್ಧಿಯಿಲ್ಲ ಎಂದುಕೊಂಡು ಹ್ಯಾಟಿಯೇ ಆ ಟಿಕ್ ತೆಗೆದಿದ್ದಳು. ತೆಗೆದ ಮೇಲೆ ಎಷ್ಟು ಚೆನ್ನಾಗಿ ಹೊಂದಿತ್ತು!

"ಅಯ್ಯೋ ಅಜ್ಜಿ... ಹದಿನಾರೂ?"

"ಹದಿನಾರೂ."

ಅಜ್ಜಿ ಕುರ್ಚಿ ಎಳೆದು ಕೂತರು. ಅದೃಷ್ಟಕ್ಕೆ ಬನ್ನುಗಳ ಕುರ್ಚಿ ಅದಲ್ಲ. ಒಂದೊಂದೇ ತುಂಡನ್ನು ಎತ್ತಿ ನೋಡತೊಡಗಿದರು.

"ಚಕ್ರ ಸ್ವಲ್ಪ ಚಿಕ್ಕದು ಮಾಡ್ಕೋಬಹುದು. ನೀಲಿ ಬಟ್ಟೆ ಬೇರೆ ಕತ್ತರಿಸೋಣ. ಡೈನೋಸಾರಿನ ಸುತ್ತ ಜಾಗ ಇದೆ, ಬದುಕಿತು. ಟ್ರ್ಯಾಕ್ಟರ್ರೂ ಪರವಾಗಿಲ್ಲ..."

ಹಳದಿ ತುಂಡು ಕೈಗೆ ಬಂದಾಗ ಅಜ್ಜಿ ಅದನ್ನು ಎರಡು ಸಲ ತಿರುಗಿಸಿ ನೋಡಿದರು.

ಅದು ಹ್ಯಾಟಿಯ ಕ್ಲಾಸಿನ ಗೆಳತಿ ಡೆಲಿಯಾ ಕೊಟ್ಟದ್ದು. ಡೆಲಿಯಾಳ ಅಂಗಿಯಲ್ಲ, ಅವಳ ಅಮ್ಮನ ಯೂನಿಫಾರ್ಮ್. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಜೋನಿ' ಎಂಬ ಹೆಸರು. ಜೋನಿ ಮೂಲೆಯ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಬಸ್ಸು ಬಂದರೆ ಓಡಿಬಂದು ಕಿಟಕಿಯಿಂದ ಆರ್ಡೆನ್ ತಾತನಿಗೆ ಕಾಫಿ ಕೊಡುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಇವತ್ತಿಗೂ ಬಸ್ಸು ಆ ಮೂಲೆಯಲ್ಲಿ ಸ್ವಲ್ಪ ನಿಧಾನವಾಗುತ್ತದೆ.

ಜೇಬು ಕಾಲುಚಕ್ರದ ತುಂಬ ಬರಲಿ ಎಂದು ಹ್ಯಾಟಿ ಅಂಚಿನಿಂದ ಅಂಚಿಗೆ ಅಳೆದು ಕತ್ತರಿಸಿದ್ದಳು. ಈಗ ಕಾಲಿಂಚು ಒಳಗೆ ಹೋದರೆ ಹೆಸರಿನ ಎರಡೂ ತುದಿ ಹೊಲಿಗೆಯೊಳಗೆ ಮಾಯ.

"ಏನಾದ್ರೂ ಮಾಡಜ್ಜಿ!" ಹ್ಯಾಟಿಗೆ ಅಳು ಬಂದೇಬಿಟ್ಟಿತು. "ಅವಳ ಹತ್ರ ಇದ್ದದ್ದು ಇದೊಂದೇ!"

"ಮಾಡೋಕೆ ಮುಂಚೆ ಅವಳಿಗೆ ಹೇಳ್ಬೇಕು. ಅದು ಅವಳದ್ದು."

"ನೀನು ಹೇಳ್ತೀಯಾ?"

"ಕತ್ತರಿ ಹಿಡಿದವರು ಯಾರು?"

ಅಜ್ಜಿ ಹಳದಿ ಚೂರುಗಳನ್ನೆಲ್ಲ ಹುಡುಕಿ ಹುಡುಕಿ ಒಂದು ಕವರಿಗೆ ಹಾಕಿ ಹ್ಯಾಟಿಯ ಕೈಗೆ ಕೊಟ್ಟರು. ಜೇಬಿನ ತುಂಡು, ತೋಳು, ಕಾಲರು, ಬೆನ್ನು, ಒಂದು ಗುಂಡಿಯನ್ನೂ ಬಿಡಲಿಲ್ಲ.

ಡೆಲಿಯಾಳ ಮನೆ ಅಲ್ಲಿಂದ ಮೂರನೆಯದು. ಅಷ್ಟು ದೂರ ಹೋಗುವಷ್ಟರಲ್ಲಿ ಹ್ಯಾಟಿ ಹತ್ತು ಥರ ಮಾತು ಕಟ್ಟಿಕೊಂಡಳು. ಡೆಲಿಯಾ ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸಿ ತಿನ್ನುತ್ತಿದ್ದಳು. ಇವಳನ್ನು ಕಂಡದ್ದೇ ಎದ್ದು ನಿಂತಳು.

"ಮುಗೀತಾ? ಅಮ್ಮಂದು ಹೆಂಗೆ ಬಂತು? ತೋರ್ಸು, ತೋರ್ಸು!"

ಅವಳು ನಗುತ್ತಿದ್ದಳು. ಅದೇ ಕಷ್ಟವಾದದ್ದು. ಕಟ್ಟಿಕೊಂಡ ಹತ್ತು ಮಾತೂ ಎತ್ತಲೋ ಹಾರಿಹೋದವು.

"ಕಂಪ್ಯೂಟರು ತಪ್ಪು ಮಾಡ್ಬಿಡ್ತು," ಎಂದಳು ಹ್ಯಾಟಿ. "ಇಲ್ಲ. ಕಂಪ್ಯೂಟರಲ್ಲ. ನಾನೇ. ಚಿಕ್ಕದಾಗಿ ಕತ್ತರಿಸ್ಬಿಟ್ಟೆ. ಹೊಲಿದ್ರೆ ಹೆಸರು ಅರ್ಧ ಮುಚ್ಚಿಹೋಗುತ್ತೆ."

ಡೆಲಿಯಾಳ ಕೈಯಿಂದ ಬೀಜಗಳು ಸುರಿದವು. ಕವರನ್ನು ಕಿತ್ತುಕೊಂಡು ಒಳಗೆ ನೋಡಿದಳು. ಚೂರುಗಳನ್ನು ನೋಡಿದಳು. ಇಡೀ ಅಂಗಿ ಕೊಟ್ಟಿದ್ದಳಲ್ಲ ಅವಳು.

"ನಾನು... ಆರ್ಡೆನ್ ತಾತ ನೋಡಿದ ತಕ್ಷಣ ಗುರುತು ಹಿಡೀಲಿ ಅಂತ..." ಅವಳು ಕವರನ್ನು ಎದೆಗೆ ಒತ್ತಿಕೊಂಡಳು. "ನಿನಗೆ ಎಲ್ಲಾ ಬರುತ್ತೆ ಅಂತ ಕೊಟ್ಟೆ ಕಣೇ! ಹೋಗು!"

ಬಾಗಿಲು ಧಡಾರೆಂದು ಮುಚ್ಚಿತು. ಹ್ಯಾಟಿ ಮೆಟ್ಟಿಲ ಕೆಳಗೆ ತುಂಬ ಹೊತ್ತು ನಿಂತಿದ್ದಳು. ಬೈಯಬಹುದು, ಹೊಡೆಯಬಹುದು ಅಂತೆಲ್ಲ ಅಂದುಕೊಂಡಿದ್ದಳು. ಹೋಗು ಅನ್ನುತ್ತಾಳೆ ಅಂದುಕೊಂಡಿರಲಿಲ್ಲ.

ಭಾನುವಾರ ಹ್ಯಾಟಿ ಕಂಪ್ಯೂಟರಿನ ಮುಂದೆ ಕೂತಳು. ಬಾಗಿದ ಗೆರೆಯನ್ನು ಒಳಗೆ ಎಳೆದು ಚಕ್ರ ಚಿಕ್ಕದು ಮಾಡಿದಳು. ಟಿಕ್ ಇದೆಯಾ ಎಂದು ಮೂರು ಸಲ ನೋಡಿದಳು. ಹದಿನೈದು ಅಂಗಿಗಳ ಬಣ್ಣ ತುಂಬಿದಳು. ಹದಿನಾರನೆಯ ಜಾಗದ ಮೇಲೆ ಮೌಸ್ ಬಂದು ನಿಂತಿತು. ಪಕ್ಕದಲ್ಲಿ ನೂರಾರು ಬಟ್ಟೆಗಳ ಪಟ್ಟಿ. ಹೂವು, ಚುಕ್ಕಿ, ಹಳದಿಯಲ್ಲೇ ಇಪ್ಪತ್ತು ಥರ. ಒಂದು ಕ್ಲಿಕ್ ಮಾಡಿದರೆ ಜಾಗ ತುಂಬಿಬಿಡುತ್ತದೆ.

ಹ್ಯಾಟಿಗೆ ಮನಸ್ಸಾಗಲಿಲ್ಲ. ಅದನ್ನು ಬಿಳಿಯಾಗಿಯೇ ಬಿಟ್ಟಳು.

"ಹಾಗೇ ಬಿಡಲಾ ಅಜ್ಜಿ?"

"ಇರಲಿ ಬಿಡು," ಎಂದರು ಅಜ್ಜಿ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಡೆಲಿಯಾ! ಕಣ್ಣು ಊದಿಕೊಂಡಿತ್ತು, ಬೆರಳಿಗೆ ಎರಡು ಕಡೆ ಬ್ಯಾಂಡೇಜು. ಹ್ಯಾಟಿಯ ಮುಖ ನೋಡದೆ ಕೈಯಲ್ಲಿದ್ದದ್ದನ್ನು ಮುಂದೆ ಚಾಚಿದಳು.

ಅದೇ ಹಳದಿ ತುಂಡು. ಆದರೆ ಈಗ ಅಂಚಿನ ಸುತ್ತ ಇನ್ನೊಂದು ಹಳದಿ ಪಟ್ಟಿ ಸೇರಿಕೊಂಡಿತ್ತು. ತೋಳನ್ನು ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಜೇಬಿನ ತುಂಡಿನ ಕೆಳಗಿಟ್ಟು, ಕಪ್ಪು ದಾರದಲ್ಲಿ ಮೇಲಿನಿಂದಲೇ ಕೈಹೊಲಿಗೆ ಹಾಕಿದ್ದಳು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಅತ್ತ, ಒಂದು ಇತ್ತ. ಗಂಟುಗಳೋ, ಬಟಾಣಿಯಷ್ಟು ದಪ್ಪ.

"ಈಗ ಸಾಕಾಗುತ್ತಾ ನೋಡು," ಎಂದಳು ಡೆಲಿಯಾ. "ಇಲ್ಲಾಂದ್ರೆ ಇನ್ನೊಂದು ತೋಳಿದೆ."

ಹ್ಯಾಟಿ ಹೊಸದಾಗಿ ಪ್ರಿಂಟ್ ತೆಗೆದ ಕಾಗದದ ತುಂಡನ್ನು ಅದರ ಮೇಲಿಟ್ಟು, ಹೆಸರು ಒಳಗೆ ಬರುವಂತೆ ಸರಿಸಿದಳು. ಒಂದು ಕಡೆ ಪಟ್ಟಿ ಎರಡಿಂಚು ಜಾಸ್ತಿ, ಇನ್ನೊಂದು ಕಡೆ ಲೆಕ್ಕಕ್ಕೆ ಸರಿಯಾಗಿ ಮುಟ್ಟಿತ್ತು. 'ಜೋನಿ' ಪೂರ್ತಿ ಒಳಗಿತ್ತು. ಕಪ್ಪು ಹೊಲಿಗೆಯೂ ಒಳಗೇ ಇತ್ತು. ಕೌದಿ ಮುಗಿದ ಮೇಲೂ ಅದು ಎಲ್ಲರಿಗೂ ಕಾಣುತ್ತದೆ.

"ಸಾಕು," ಎಂದಳು. "ಬೇಕಾದಷ್ಟಿದೆ."

ಅಜ್ಜಿ ಕನ್ನಡಕದ ಮೇಲಿಂದ ಬಗ್ಗಿ ನೋಡಿದರು. ನಲವತ್ತು ವರ್ಷದಿಂದ ಹೊಲಿಯುತ್ತಿರುವ ಕೈ, ಸೊಟ್ಟ ಹೊಲಿಗೆ ಕಂಡರೆ ಸುಮ್ಮನಿರುವುದಿಲ್ಲ. ತಾನಾಗಿಯೇ ಹೊಲಿಗೆ ಬಿಚ್ಚುವ ಚಿಕ್ಕ ಕೊಕ್ಕೆಯತ್ತ ಹೋಯಿತು.

"ಪುಟ್ಟಾ, ಇದನ್ನ ಬಿಚ್ಚಿ ಮೆಷಿನ್ನಲ್ಲಿ ಹಾಕಿದ್ರೆ ಎರಡು ನಿಮಿಷ..."

ಹ್ಯಾಟಿ ಕಪ್ಪು ಹೊಲಿಗೆಯ ಮೇಲೆ ತನ್ನ ಅಂಗೈ ಅಗಲಿಸಿ ಇಟ್ಟಳು. ಅಜ್ಜಿ ಅವಳ ಮುಖ ನೋಡಿದರು, ಕೊಕ್ಕೆಯನ್ನು ಡಬ್ಬಿಗೆ ಹಾಕಿದರು.

ಡೆಲಿಯಾ ಇನ್ನೂ ಹೊಸ್ತಿಲಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಶೂ ಬಿಚ್ಚಿ ಒಳಗೆ ಬಂದಳು.