ಸಾಬಮ್ಮನ ಹೆಸರಿನಷ್ಟು ಜಾಗ

ನಾನು ದೆವ್ವ ನಂಬುವವಳಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ. ನಮ್ಮೂರು ಕುರಕುಂಟಾದ ಬೀಸುವ ಪದಗಳ ಹಳೆಯ ಟೇಪೊಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿತು. ಅದರಲ್ಲಿ ನನ್ನ ಅಜ್ಜಿಯೂ ಅವಳ ಓರಗಿತ್ತಿಯರೂ ಬೀಸುತ್ತ ಮನೆಯ ಹೆಣ್ಣುಮಕ್ಕಳ ಹೆಸರು ಹಾಡುತ್ತಾರೆ. ಒಂದು ಕಡೆ ಹಾಡು ನಿಂತು ಬರೀ ಬೀಸುಕಲ್ಲು ತಿರುಗುತ್ತದೆ. ಅದು ಅಜ್ಜನ ತಂಗಿ ಸಾಬಮ್ಮನ ಜಾಗ. ಗಂಡನನ್ನು ಬಿಟ್ಟು ಹೋದವಳ ಹೆಸರನ್ನು ಕಲ್ಲಿನ ಮುಂದೆ ಎತ್ತಬಾರದೆಂಬುದು ನಮ್ಮ ಮನೆಯ ಕಟ್ಟಳೆ.

ಆ ಹೆಸರನ್ನು ನಾನು ಈ ಪದಗಳ ಮೇಲಿನ ಸಂಶೋಧನಾ ಪ್ರಬಂಧದಲ್ಲಿ ಬರೆಯುತ್ತೇನೆಂದು ತಿಳಿದು ಅಪ್ಪನ ತಮ್ಮ ಹಣಮಂತರಾಯ ಕಾಕಾ ಫೋನ್ ಮಾಡಿದ.

“ಆಕಿ ಹೆಸರು ಬರೆದ್ರ ಮನಿ ಕಡಿ ಬರಬ್ಯಾಡ.”

“ಬರಂಗಿಲ್ಲ ಬಿಡು ಕಾಕಾ. ಹಾಸ್ಟೆಲ್ ಬ್ಯಾಳಿ ನೀರಿದ್ದಂಗ ಇರ್ತದ, ಆದ್ರೂ ಉಣ್ತೀನಿ.”

ಫೋನಿಟ್ಟು ಟೇಪ್ ಮತ್ತೆ ಹಾಕಿದೆ. ಹಾಡು ನಿಂತಲ್ಲಿ “ಸಾಬಮ್ಮ” ಎಂದು ಗಟ್ಟಿಯಾಗಿ ಹೇಳಿದೆ. ಬೀಸುಕಲ್ಲಿನ ಸದ್ದು ಗಕ್ಕನೆ ನಿಂತಿತು. ಏಪ್ರಿಲ್ ಮಧ್ಯಾಹ್ನದ ಸೆಖೆಯಲ್ಲಿ ಕಿವಿಯ ಮೇಲಿನ ಹೆಡ್‌ಫೋನ್ ತಣ್ಣಗಾಯಿತು. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ ಬಂತು. ಆಮೇಲೆ ಕಲ್ಲು ಮತ್ತೆ ತಿರುಗಿತು.

ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿದೆ. ಖಾಲಿ ಇದ್ದಲ್ಲಿ ಈಗ ಹೆಂಗಸರೆಲ್ಲ ಸೇರಿ ಸಾಬಮ್ಮನ ಹೆಸರು ಹಾಡುತ್ತಿದ್ದರು. ಕಾಕಾನಿಗೆ ಫೋನ್ ಹಚ್ಚಿ ಅದನ್ನೇ ಕೇಳಿಸಿದೆ.

“ನಮ್ಮವ್ವ ಸಾಯೋತನಕ ಆ ಹೆಸರು ಬಾಯಾಗ ತಂದಿಲ್ಲ,” ಎಂದ. ಆಮೇಲೆ, “ಇನ್ನೊಮ್ಮಿ ಹಚ್ಚು,” ಎಂದ.